ಟ್ಯಾರೆಂಟ್ಸ್ ಬೋರ್ ಕ್ಲಬ್ಬಿನ ನೀರಿನ ತೊಟ್ಟಿ

ಟ್ಯಾರೆಂಟ್ಸ್ ಬೋರ್ ಎಂಬ ಊರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಮೊದಲ ಗ್ಲಾಸು ಬಿಯರ್ ಸುರಿಯುವ ಮುಂಚೆ ಹೊರಗಿನ ತೊಟ್ಟಿಗೆ ನೀರು ತುಂಬಿಸಬೇಕು. ಕ್ಲಬ್ಬು ಹುಟ್ಟಿದಂದಿನಿಂದ ನಡೆದುಬಂದ ಪದ್ಧತಿ ಅದು. ಐಲ್ಸಾ ಪೆನ್‌ಹಾಲ್ ಬಾರಿನ ಕೆಲಸಕ್ಕೆ ಸೇರಿದ ದಿನ, ಆಗಿನ ಮ್ಯಾನೇಜರು ಬೀಗದ ಕೈ ಗೊಂಚಲನ್ನು ಅವಳ ಕೈಗೆ ಹಾಕುತ್ತ, ಯಾವ ಕೈ ಯಾವ ಬಾಗಿಲಿಗೆ ಎಂದು ಹೇಳುವುದಕ್ಕೂ ಮೊದಲು ಹೇಳಿದ್ದು ಇದನ್ನೇ. ಯಾಕೆ ಎಂದು ಅವಳು ಕೇಳಿದ್ದಕ್ಕೆ, "ಕುದುರೆಗೆ" ಎಂದಿದ್ದ. ಕುದುರೆ ಏರಿ ಕ್ಲಬ್ಬಿಗೆ ಬರುವವರು ಆ ಊರಿನಲ್ಲಿ ಇಲ್ಲವಾಗಿ ಆಗಲೇ ಒಂದು ತಲೆಮಾರು ಕಳೆದಿತ್ತು.

ಐಲ್ಸಾ ಹೆಚ್ಚು ಕೆದಕುವವಳಲ್ಲ. ಸೈನ್ಯದಲ್ಲಿ ಲಾರಿ ಓಡಿಸಿಕೊಂಡಿದ್ದವಳು. ತಿಮೋರಿನ ಸೇನಾ ಕಾರ್ಯಾಚರಣೆಯಿಂದ ಬಂದಮೇಲೆ ಕರಾವಳಿಯ ಊರುಗಳ ಗದ್ದಲ ಸೇರದೆ, ಡಾಂಬರು ರಸ್ತೆ ಹಿಡಿದು ಒಳನಾಡಿಗೆ ಹೊರಟು, ಡಾಂಬರು ಮುಗಿದಲ್ಲಿ ನಿಂತಿದ್ದಳು. ಹೆಂಗಸು ಸದಸ್ಯಳಾಗುವುದೇ ಎಂದು ಮೊದಮೊದಲು ಮೂಗು ಮುರಿದ ಮುದುಕರು, ಬಿಯರ್ ನೊರೆ ಉಕ್ಕದಂತೆ ಗ್ಲಾಸು ಓರೆ ಮಾಡುವ ಅವಳ ಕೈಚಳಕ ನೋಡಿ ಸುಮ್ಮನಾದರು. ಅವಳಿಗೂ ಬೇಕಾಗಿದ್ದುದು ಅಂಥದೇ ಜಾಗ. ಯುದ್ಧದಲ್ಲಿ ಏನು ಕಂಡೆ, ಏನು ಮಾಡಿದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮಳೆ, ದನದ ಧಾರಣೆ, ಶುಕ್ರವಾರದ ಮಾಂಸದ ತಟ್ಟೆಯ ಲಾಟರಿ ಈ ಸಲ ಯಾರ ಪಾಲಿಗೆ ಹೋದೀತು ಎನ್ನುವುದು, ಇಷ್ಟೇ ಮಾತು.

ಹೀಗಾಗಿ ಅವಳು ಮರುಮಾತಿಲ್ಲದೆ ತೊಟ್ಟಿ ತುಂಬಿಸುತ್ತ ಬಂದಳು. ಬಾರಿನ ಮ್ಯಾನೇಜರಾದ ಮೇಲೂ ಆ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಬೋರಿನ ನೀರು ಭೂಮಿಯ ಹೊಟ್ಟೆಯಿಂದ ಕುದಿಯುತ್ತ ಬರುವಂಥದ್ದು, ಕೊಳೆತ ಮೊಟ್ಟೆಯ ವಾಸನೆ. ತೊಟ್ಟಿಯಲ್ಲಿ ಆರುತ್ತ ನಿಂತ ಮೇಲೆ ಆ ವಾಸನೆ ಹೋಗುತ್ತದೆ. ಕ್ಲಬ್ಬಿನ ಜಗುಲಿಯ ಮುಂದೆ ತೊಟ್ಟಿ, ಅದರಾಚೆ ಕುದುರೆ ಕಟ್ಟುವ ಅಡ್ಡಮರ, ಅದರಾಚೆ ರಸ್ತೆ, ಆಮೇಲೆ ಬಯಲು. ಬೆಳಿಗ್ಗೆ ನೋಡಿದರೆ ನೀರು ಅರ್ಧಕ್ಕರ್ಧ ಇಳಿದಿರುತ್ತಿತ್ತು. ಬಿಸಿಲಿಗೆ ಆರಿತು ಎಂದು ಹೇಳೋಣವೆಂದರೆ ಚಳಿಗಾಲದಲ್ಲೂ ಇಳಿಯುತ್ತಿತ್ತು. ಕಾಂಗರೂ ಕುಡಿದವು ಎನ್ನೋಣವೆಂದರೆ, ಬೇಸಿಗೆಯಲ್ಲಿ ಜನರ ಹಿತ್ತಿಲಿಗೇ ನುಗ್ಗಿ ನಲ್ಲಿ ನೆಕ್ಕುವ ಕಾಂಗರೂಗಳು ಈ ತೊಟ್ಟಿಯ ಹತ್ತಿರ ಸುಳಿದದ್ದನ್ನು ಅವಳು ಕಂಡಿರಲಿಲ್ಲ. ನಾಯಿಗಳೂ ಅಷ್ಟೇ, ರಸ್ತೆಯ ಆಚೆ ಬದಿಯಿಂದ ಬಳಸಿಕೊಂಡು ಹೋಗುತ್ತಿದ್ದವು.

ನೆವಿಲ್ ಕ್ರೌಚ್ ಕ್ಲಬ್ಬಿನ ಅಧ್ಯಕ್ಷನಾದದ್ದು ಬೋರಿನ ಒತ್ತಡ ಕುಸಿಯತೊಡಗಿದ ವರ್ಷ. ವಾಯುಪಡೆಯ ಉಗ್ರಾಣದಲ್ಲಿ ಇಡೀ ಸೇವೆ ಕಳೆದವನು, ಹೆಂಡತಿಯ ತವರೂರೆಂದು ಇಲ್ಲಿಗೆ ಬಂದು ನೆಲೆಸಿದ್ದ. ಹೆಂಡತಿ ತೀರಿಕೊಂಡ ಮೇಲೂ ಊರು ಬಿಟ್ಟಿರಲಿಲ್ಲ. ಒಳ್ಳೆಯ ಮನುಷ್ಯ. ಸೋರುವ ಮಾಡು ರಿಪೇರಿ ಮಾಡಿಸಿದ, ಬಾಗಿಲಿಲ್ಲದ ಶೌಚಾಲಯಕ್ಕೆ ಬಾಗಿಲು ಹಾಕಿಸಿದ. ನೀರು ಉಳಿಸಿ ಎಂದು ಊರಿನ ಆಡಳಿತದವರು ಮನೆಮನೆಗೂ ಹೇಳಿ ಹೋದ ವಾರ ಕಮಿಟಿಯ ಸಭೆಯಲ್ಲಿ ತೊಟ್ಟಿಯ ವಿಷಯ ಎತ್ತಿದ. ಜನ ಸ್ನಾನಕ್ಕೆ ಹಿಂದೆಮುಂದೆ ನೋಡುತ್ತಿರುವಾಗ ಇಲ್ಲದ ಕುದುರೆಗೆ ನೀರು ಸುರಿಯುವುದು ಯಾವ ನ್ಯಾಯ ಎಂದು ಕೇಳಿದ. ಯಾರೂ ಎದುರಾಡಲಿಲ್ಲ. ಎದುರಾಡಲು ಯಾರ ಹತ್ತಿರವೂ ಕಾರಣವಿರಲಿಲ್ಲ. ತೊಟ್ಟಿಗೆ ಮಣ್ಣು ತುಂಬಿ ಜೆರೇನಿಯಂ ಹೂವಿನ ಗಿಡ ಹಾಕೋಣ, ಪಾತ್ರೆ ತೊಳೆದ ನೀರು ಸಾಕು ಅದಕ್ಕೆ, ಎಂದ.

"ನಾನ್ ಸತ್ತಾಗ ನನ್ನೂ ಅದರಲ್ಲೇ ಹೂತುಬಿಡಿ ಮಾರಾಯ್ರೇ, ಹೂವಿನ ಖರ್ಚು ಉಳಿಯತ್ತೆ" ಎಂದ ಸ್ಪಡ್ ರಾಫ್ಟರಿ. ವಿಯೆಟ್ನಾಂ ಯುದ್ಧ ನೋಡಿಬಂದವನು, ಬಾರಿನ ಮೂಲೆಯ ಸ್ಟೂಲನ್ನು ಬಿಟ್ಟು ಎದ್ದದ್ದು ಕಡಿಮೆ. ಎಲ್ಲರೂ ನಕ್ಕರು. ಐಲ್ಸಾಳಿಗೆ ನಗು ಬರಲಿಲ್ಲ. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಹೂವು ನೆಟ್ಟ ಮೂರನೆಯ ಬೆಳಿಗ್ಗೆ ಗಿಡಗಳು ಬುಡಮಟ್ಟ ಮೇದುಹೋಗಿದ್ದವು. ಬೇರು ಕಿತ್ತಿರಲಿಲ್ಲ. ಮಣ್ಣಿನಲ್ಲಿ ಅಲ್ಲಲ್ಲಿ ಗುಳಿ ಬಿದ್ದಿತ್ತು, ಯಾವುದೋ ಮೂತಿ ಒತ್ತಿ ಒತ್ತಿ ಹುಡುಕಿದ ಹಾಗೆ. ಬೀಡಾಡಿ ಮೇಕೆಗಳ ಕೆಲಸ ಎಂದು ನೆವಿಲ್ ಮತ್ತೆ ಗಿಡ ನೆಟ್ಟು ಕೋಳಿ ಗೂಡಿನ ಜಾಲರಿ ಬಿಗಿದ. ಮರುದಿನ ಜಾಲರಿ ಎಲ್ಲೂ ಹರಿಯದೆ, ಉದ್ದಕ್ಕೂ ಒಳಕ್ಕೆ ಬಾಗಿ ಮಣ್ಣಿಗೆ ಅಂಟಿಕೊಂಡಿತ್ತು. ಅಷ್ಟು ಭಾರ ಹಾಕುವ ಮೇಕೆ ಹುಟ್ಟಿಲ್ಲ ಎಂದು ಐಲ್ಸಾ ಅಂದುಕೊಂಡಳು.

ಅದಾದ ಮೇಲೆ ಸಂಜೆ ಆರರ ಮೌನ ಕೆಟ್ಟಿತು. ಇಂಥ ಎಲ್ಲ ಕ್ಲಬ್ಬುಗಳಲ್ಲೂ ಇರುವಂತೆ ಇಲ್ಲಿಯೂ ಆರಕ್ಕೆ ದೀಪ ಇಳಿಸಿ, ಗ್ಲಾಸು ಕೆಳಗಿಟ್ಟು, ಎದ್ದು ನಿಂತು ಸತ್ತವರನ್ನು ನೆನೆಯುತ್ತಾರೆ. ಬೇಸಿಗೆಯ ಆರು ಗಂಟೆಗೆ ಹೊರಗೆ ಇನ್ನೂ ಧಗಧಗ ಬಿಸಿಲು. ಆವತ್ತು ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಜಗುಲಿಯ ಹೊರಗಿನಿಂದ ಒಂದು ಸದ್ದು ಬಂತು. ದೊಡ್ಡ ಪ್ರಾಣಿ ಮೂಗಿನ ಹೊಳ್ಳೆ ಅರಳಿಸಿ ಗಾಳಿ ಬಿಟ್ಟ ಸದ್ದು. ಆಮೇಲೆ ಗೊರಸು ನೆಲಕ್ಕೆ ಕುಟ್ಟಿದ್ದು. ಇನ್ನೊಂದು, ಸ್ವಲ್ಪ ದೂರದಿಂದ. ತಡವಾಯಿತೆಂದು ಗೊಣಗುವ, ಆದರೆ ಬಿಟ್ಟು ಹೋಗದ ಸದ್ದು. ಐಲ್ಸಾ ಕಣ್ಣೆತ್ತಿ ಸುತ್ತ ನೋಡಿದಳು. ಎಲ್ಲರೂ ಕೇಳಿಸಿಕೊಂಡಿದ್ದರು, ಅವರ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು. ದೀಪ ಏರಿಸಿದ ಮೇಲೆ ಒಬ್ಬರೂ ಕಿಟಕಿಯ ಕಡೆಗೆ ಹೋಗಲಿಲ್ಲ. ನೆವಿಲ್ ಮಾತ್ರ ಬಾಗಿಲು ತೆಗೆದು ಇಣುಕಿ, ಖಾಲಿ ರಸ್ತೆ ನೋಡಿ, ಬಾಗಿಲು ಹಾಕಿಕೊಂಡ.

ದಿನ ಕಳೆದಂತೆ ಅದು ಒಳಗೂ ಬಂತು. ಮೇಜಿನ ಮೇಲಿಟ್ಟ ಜಗ್ಗಿನ ನೀರು ನೋಡನೋಡುತ್ತ ತಳ ಕಾಣುತ್ತಿತ್ತು. ಗಾಜಿನ ಹೊರಮೈ ಮೇಲೆ ಉಸಿರು ಬಿಟ್ಟಂತೆ ಮಬ್ಬು ಕವಿಯುತ್ತಿತ್ತು. ಬಾರಿನ ಉದ್ದಕ್ಕೂ ಬೆವತ ಕುದುರೆಯ, ಎಣ್ಣೆ ಹಚ್ಚಿದ ಚರ್ಮದ ವಾಸನೆ. ಸ್ಪಡ್ ಮಾತ್ರೆ ನುಂಗಲೆಂದು ಇಟ್ಟುಕೊಂಡ ಗ್ಲಾಸು ಅವನು ಮಾತ್ರೆ ಬಿಡಿಸುವುದರೊಳಗೆ ಬರಿದಾಯಿತು. ಅವನು ಗ್ಲಾಸನ್ನು ಬಹಳ ಹೊತ್ತು ನೋಡಿದ.

"ಐಲ್ಸಾ," ಎಂದ ಮೆಲ್ಲಗೆ, "ನನ್ ಕೈ ಮೇಲೆ ಯಾವ್ದೋ ಪ್ರಾಣಿ ಮೀಸೆ ಆಡ್ತು ಕಣೇ."

ಆವತ್ತು ಅವನು ಬೇಗ ಎದ್ದುಹೋದ. ಮಾರನೆಯ ದಿನ ಬರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಬರುವುದು ಬಿಟ್ಟರು.

ಕ್ಲಬ್ಬಿನ ಹಳೆಯ ಸಂಗತಿ ಬಲ್ಲವನೆಂದು ಊರಿನಲ್ಲಿ ಉಳಿದಿದ್ದವನು ಕ್ಲ್ಯಾರಿ ವೆನ್ ಒಬ್ಬನೇ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವನು, ತೊಂಬತ್ತು ದಾಟಿತ್ತು. ಅವನ ಅಪ್ಪ ಟೆಡ್ ವೆನ್ ಕ್ಲಬ್ಬು ಕಟ್ಟಿದ ಐವರಲ್ಲಿ ಒಬ್ಬ. ಒಂದು ಬೆಳಿಗ್ಗೆ ಐಲ್ಸಾ ಆಸ್ಪತ್ರೆಯ ಹಿಂಭಾಗದ ವೃದ್ಧರ ವಾರ್ಡಿಗೆ ಹೋದಳು. ಕ್ಲ್ಯಾರಿ ಕಿಟಕಿ ಬಳಿ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ತೊಟ್ಟಿಗೆ ಮಣ್ಣು ತುಂಬಿದ ಸುದ್ದಿ ಅವನವರೆಗೆ ಮುಟ್ಟಿರಲಿಲ್ಲ. ಅವಳು ಹೇಳುತ್ತಿದ್ದಂತೆ ಮುದುಕ ಚಹಾದ ಬಟ್ಟಲನ್ನು ತಟ್ಟೆಗೆ ಇಳಿಸಿದ.

"ಯಾರ್ ಹೇಳಿದ್ರು ಮುಚ್ಚು ಅಂತ?"

"ಕಮಿಟಿ, ಕ್ಲ್ಯಾರಿ. ನೀರಿಗೆ ತಾಪತ್ರಯ ಅಂತ. ಆ ತೊಟ್ಟಿ ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

ಕ್ಲ್ಯಾರಿ ಹೇಳಿದ. ಅಪ್ಪ ಅವನಿಗೆ ನೇರ ಹೇಳಿದ್ದಲ್ಲ, ಒಂದು ದಿನ ಅಮ್ಮನ ಮುಂದೆ ಅಳುತ್ತ ಹೇಳಿದ್ದು ಬಾಗಿಲ ಸಂದಿಯಿಂದ ಕಿವಿಗೆ ಬಿದ್ದದ್ದು. ಆ ಐವರೂ ಮೊದಲನೆಯ ಮಹಾಯುದ್ಧದಲ್ಲಿ ಒಂದೇ ರೆಜಿಮೆಂಟಿನ ಕುದುರೆ ಸವಾರರು. ಇದೇ ಬಯಲಿನಲ್ಲಿ ಬೆಳೆದ ಕುದುರೆಗಳನ್ನೇ ಹಡಗಿಗೆ ಹತ್ತಿಸಿಕೊಂಡು ಹೋಗಿದ್ದರು. ಪ್ಯಾಲೆಸ್ಟೈನಿನ ಮರಳಿನಲ್ಲಿ ದಿನಗಟ್ಟಲೆ ನೀರಿಲ್ಲದೆ ಆ ಪ್ರಾಣಿಗಳು ಇವರನ್ನು ಹೊತ್ತು, ಬಾವಿಗಳಿದ್ದ ಊರುಗಳಿಗೆ ಮುಟ್ಟಿಸಿದ್ದವು. ಯುದ್ಧ ಮುಗಿಯಿತು. ಕುದುರೆ ಊರಿಗೆ ತರುವಂತಿಲ್ಲ, ರೋಗ ಬರುತ್ತದೆ ಎಂದು ಸರ್ಕಾರ ಹೇಳಿತು. ಗಟ್ಟಿಯಿದ್ದವನ್ನು ಇಂಡಿಯಾದ ಅಶ್ವದಳಗಳಿಗೆ ಕೊಟ್ಟರು. ವಯಸ್ಸಾದವನ್ನು ಗುಂಡಿಟ್ಟು ಕೊಲ್ಲಬೇಕೆಂದು ಆಜ್ಞೆಯಾಯಿತು. ಬೇರೆಯವರ ಕೈಗೆ ಯಾಕೆ ಬಿಡಬೇಕು, ನಾವೇ ಮಾಡುತ್ತೇವೆ ಎಂದು ಐವರೂ ಮುಂದೆ ಬಂದರು.

"ಆವತ್ ಬೆಳಿಗ್ಗೆ ಅವಕ್ಕೆ ನೀರ್ ಕುಡಿಸ್ಲಿಲ್ಲ" ಎಂದ ಕ್ಲ್ಯಾರಿ. "ಸಾಯೋ ಪ್ರಾಣಿಗೆ ನೀರ್ ಯಾಕೆ ದಂಡ ಅಂತ ಮೇಲಿನ ಆಫೀಸರೊಬ್ಬ ಅಂದ್ನಂತೆ. ನೀರಿನ ಗಾಡಿ ಅಲ್ಲೇ, ಕಣ್ಣೆದುರಿಗೇ ನಿಂತಿತ್ತು. ಅವು ಕತ್ತು ಆ ಕಡೆ ತಿರುಗಿಸ್ಕೊಂಡೇ ನಿಂತಿದ್ವು. ನಮ್ಮಪ್ಪ ತನ್ನ ಹೆಣ್ಗುದುರೆ ಕಿವೀಲಿ ಹೇಳಿದ, ಬಾ ಕ್ವೀನಿ, ಮನೆಗೆ ಹೋಗೋಣ, ಮನೆಗೆ ಹೋದ್ಮೇಲೆ ಕುಡಿಯುವಿಯಂತೆ ಅಂತ. ಐದೂ ಜನ ಹಾಗೇ ಹೇಳಿದ್ರು. ಹೆದರಬಾರ್ದಲ್ಲ ಪ್ರಾಣಿ, ಅದಕ್ಕೆ. ಹೇಳಿ ಹೊಡೆದ್ರು."

ಐಲ್ಸಾ ಅವನ ಜಾರಿದ ಕಂಬಳಿಯನ್ನು ಎಳೆದು ಹೊದಿಸಿದಳು.

"ಇವ್ರು ಹಡಗಲ್ಲಿ ಬಂದ್ರು. ಅವು ನಡ್ಕೊಂಡ್ ಬಂದ್ವು, ಅಷ್ಟೇ ವ್ಯತ್ಯಾಸ" ಎಂದ ಮುದುಕ. "ಮನೆಗೆ ಹೋಗೋಣ ಅಂದಿದ್ರಲ್ಲ. ಎರಡು ವರ್ಷ ಹಿಡೀತಂತೆ."

ಇದಕ್ಕೆ ಮೊದಲೂ ಒಮ್ಮೆ ತೊಟ್ಟಿ ಒಣಗಿತ್ತು ಎಂದ. ಎರಡನೆಯ ಯುದ್ಧ ಮುಗಿದ ಮರುವರ್ಷ, ಪಂಪು ಕೆಟ್ಟು ವಾರಗಟ್ಟಲೆ ನೀರಿಲ್ಲದಾಗ. ಆ ಐವರಲ್ಲೊಬ್ಬನಾದ ಆಲ್ಬಿ ಸ್ಟ್ರೌಡ್ ನಡುಮಧ್ಯಾಹ್ನ ಬಕೆಟ್ಟಿನಲ್ಲಿ ಮನೆಯ ಕುಡಿಯುವ ನೀರು ತುಂಬಿಕೊಂಡು ಬಯಲಿಗೆ ನಡೆದ. ತಿರುಗಿ ಬರಲಿಲ್ಲ. ಹುಡುಕಿದವರಿಗೆ ಸಿಕ್ಕಾಗ ಬಾಯಾರಿ ಸತ್ತಿದ್ದ. ಬಕೆಟ್ಟು ಪಕ್ಕದಲ್ಲಿ ನೆಟ್ಟಗೆ ಇತ್ತು, ಖಾಲಿ. ಅವನು ಒಂದು ಗುಟುಕೂ ಕುಡಿದಿರಲಿಲ್ಲ ಎಂದು ಡಾಕ್ಟರು ಹೇಳಿದ.

"ಹೋಗ್ ಹುಡುಗಿ" ಎಂದ ಕ್ಲ್ಯಾರಿ. "ಮಣ್ಣು ತೆಗಿ. ಅವು ಕೆಟ್ಟವಲ್ಲ. ಬಾಯಾರಿಕೆ ಕೆಟ್ಟದ್ದು."

ಅವಳು ಕ್ಲಬ್ಬಿಗೆ ಬಂದಾಗ ನಡುಹಗಲು. ನೆತ್ತಿ ಸುಡುವ ಬಿಸಿಲು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಜಗುಲಿಯ ಬಾಗಿಲು ಹಾರು ಹೊಡೆದಿತ್ತು. ಅಡ್ಡಮರದ ಮೇಲೆ ನೆವಿಲ್ಲನ ಟೋಪಿ. ಬಾರಿನಲ್ಲಿ ಐಸಿಡುವ ಬಕೆಟ್ಟು ಜಾಗದಲ್ಲಿರಲಿಲ್ಲ. ರಸ್ತೆಯಾಚೆಯ ಕೆಂಪು ಹುಡಿಯಲ್ಲಿ ಬೂಟಿನ ಹೆಜ್ಜೆಗಳು ನೇರ ಬಯಲಿಗೆ ಹೋಗಿದ್ದವು. ಅವುಗಳ ಎರಡೂ ಮಗ್ಗುಲಿಗೆ ಹುಡಿ ತುಳಿದು ಕಲಕಿಹೋಗಿತ್ತು.

ಎದುರುಮನೆಯ ಹೆಂಗಸು ಕಿಟಕಿಯಿಂದ ನೋಡಿದ್ದಳಂತೆ. ನೆವಿಲ್ ಬಹಳ ಹೊತ್ತಿನಿಂದ ಜಗುಲಿಯ ಕಂಬ ಹಿಡಿದು ಬಯಲನ್ನೇ ನೋಡುತ್ತ ನಿಂತಿದ್ದ, ಆಮೇಲೆ ಯಾರೋ ಕರೆದವರ ಹಾಗೆ ಒಳಗೆ ಹೋಗಿ ಬಕೆಟ್ಟು ತಂದು ಹೊರಟ, ಕೂಗಿದರೆ ತಿರುಗಿ ನೋಡಲಿಲ್ಲ ಎಂದಳು. ಐಲ್ಸಾ ದೂರ ನೋಡಿದಳು. ಬಯಲಿನಂಚಿಗೆ ಬಿಸಿಲುಗುದುರೆ ಎದ್ದಿತ್ತು. ದಿನವೂ ಏಳುವಂಥದ್ದೇ, ಹೊಳೆಯುವ ಸುಳ್ಳು ಕೆರೆ. ಆದರೆ ಆವತ್ತು ಅದರಲ್ಲಿ ಉದ್ದುದ್ದ ಕಪ್ಪು ಕಾಲುಗಳಂಥವು ಅಲುಗಾಡುತ್ತಿದ್ದವು, ಅವುಗಳ ನಡುವೆ ಒಂದು ಮನುಷ್ಯನ ಆಕೃತಿ.

ಅಗ್ನಿಶಾಮಕದ ಸ್ವಯಂಸೇವಕರ ಟ್ಯಾಂಕರು ಪಕ್ಕದ ಶೆಡ್ಡಿನಲ್ಲಿತ್ತು. ಬೀಗದ ಕೈ ಶೆಡ್ಡಿನ ಮೊಳೆಯಲ್ಲಿ. ಅವಳು ಯಾರನ್ನೂ ಕೇಳಲಿಲ್ಲ. ಹಳೆಯ ಲಾರಿಗಳ ರೂಢಿಯೇ ಅವಳ ಕೈಕಾಲಿಗೆ ಬಂತು. ಗೇರು ಬಿದ್ದು, ಬಂಡಿ ರಸ್ತೆ ದಾಟಿ ಬಯಲಿಗೆ ಇಳಿಯಿತು. ಬಿಸಿಲುಗುದುರೆಯ ಸ್ವಭಾವವೇ ಹತ್ತಿರ ಹೋದಷ್ಟೂ ಹಿಂದೆ ಸರಿಯುವುದು. ಇದು ಸರಿಯಲಿಲ್ಲ. ಮುಂದಿನ ಗಾಜಿನ ತುಂಬ ಬೆಳ್ಳಗೆ ತುಂಬಿಕೊಂಡಿತು, ಆಮೇಲೆ ಸುತ್ತಲೂ, ಆಮೇಲೆ ಹಿಂದೆ ಊರೂ ಕಾಣಲಿಲ್ಲ. ಎಂಜಿನ್ನಿನ ಸದ್ದೊಂದು ಬಿಟ್ಟರೆ ಬೇರೆ ಸದ್ದಿಲ್ಲ.

ನೆವಿಲ್ ಬಿರುಕುಬಿಟ್ಟ ಜೇಡಿಮಣ್ಣಿನ ನೆಲದ ನಡುವೆ ಮಂಡಿಯೂರಿ ಕೂತಿದ್ದ. ಮುಖ ಕೆಂಪಗೆ ಬೆಂದಿತ್ತು. ಬಕೆಟ್ಟನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದಿದ್ದ. ಮಗುವಿಗೆ ಹಾಲು ಕುಡಿಸುವವರಂತೆ ಮೆಲ್ಲಗೆ ಏನೋ ಹೇಳುತ್ತಿದ್ದ. ಅವಳು ಬಂಡಿಯಿಂದ ಇಳಿದು ಹತ್ತಿರ ಹೋಗಲು ನೋಡಿದಳು. ಆಗಲಿಲ್ಲ. ಕೈಗೆ, ಭುಜಕ್ಕೆ ಬೆಚ್ಚನೆಯ ಭಾರವಾದ ಮೈಗಳು ತಾಗಿದವು. ಕಣ್ಣಿಗೆ ಬರೀ ಬಿಸಿಲು. ಕುದುರೆಗಳ ಮಂದೆಯಲ್ಲಿ ದಾರಿ ಬಿಡಿಸಿಕೊಳ್ಳುವವರಂತೆ ಅವಳು ಅಂಗೈಯಿಂದ ಒತ್ತಿ ಒತ್ತಿ ಮುಂದೆ ಸರಿದಳು. ಅಂಗೈಗೆ ಬೆವರಿನ ಒದ್ದೆ ಹತ್ತಿತು.

"ನೆವಿಲ್. ಏಳು. ನಾನು ಐಲ್ಸಾ."

ಅವನು ತಲೆಯೆತ್ತಿದ. ತುಟಿ ಒಡೆದಿತ್ತು. "ಇದು ಸಾಲ್ತಿಲ್ಲ" ಎಂದ, ನಾಚಿಕೆಯಿಂದೆಂಬಂತೆ. "ಎಷ್ಟ್ ಸಲ ಹಿಡಿದ್ರೂ ಸಾಲ್ತಿಲ್ಲ."

ಬಕೆಟ್ಟು ಒಣಗಿ ಯಾವ ಕಾಲವಾಗಿತ್ತೋ.

ಅವಳು ತಿರುಗಿ ಹೋಗಿ ಟ್ಯಾಂಕರಿನ ವಾಲ್ವು ತಿರುಗಿಸಿದಳು. ನೀರು ಭೋರೆಂದು ಇಳಿಯಿತು. ಆ ಬೆಂದ ನೆಲ ಒಂದೇ ಗುಟುಕಿಗೆ ಹೀರಿಬಿಡುತ್ತದೆ ಎಂದುಕೊಂಡಿದ್ದಳು. ಹೀರಲಿಲ್ಲ. ನೀರು ಜೇಡಿಯ ಮೇಲೆ ಹರಡದೆ, ಉದ್ದಕ್ಕೆ ಒಂದು ಸಾಲಾಗಿ ನಿಂತಿತು, ಕಾಣದ ತೊಟ್ಟಿಯೊಳಗೆ ನಿಂತ ಹಾಗೆ. ಆಮೇಲೆ ಅಂಚಿನಲ್ಲಿ ಅಲ್ಲಲ್ಲಿ ಬಟ್ಟಲಿನಗಲ ಕುಳಿ ಬಿದ್ದು ಉಂಗುರ ಉಂಗುರವಾಗಿ ಅಲೆ ಎದ್ದಿತು. ಸದ್ದು ಬಂತು. ಕುದುರೆ ನೀರು ಕುಡಿಯುವಾಗ ಗಂಟಲಿನಲ್ಲಿ ಗಟ್ ಗಟ್ ಎಂದು ಇಳಿಯುವ ಸದ್ದು. ಒಂದರ ಹಿಂದೆ ಒಂದು, ನಿಲ್ಲದೆ. ಲಾರಿಯ ಪಕ್ಕದ ಕನ್ನಡಿ ಮಬ್ಬಾಯಿತು. ಐಲ್ಸಾಳಿಗೆ ಓಡಿಹೋಗಬೇಕೆನಿಸಿತು. ಆದರೆ ಅಷ್ಟು ಹೊತ್ತು ಆ ಸದ್ದು ಕೇಳಿದ ಮೇಲೆ ಹೆದರಿಕೆ ತಾನಾಗಿ ಇಳಿಯಿತು. ದಾಹ ತೀರುವ ಸದ್ದಿಗೆ ಎಷ್ಟು ಹೊತ್ತು ಹೆದರುವುದು? ಟ್ಯಾಂಕು ಬರಿದಾಗುವ ತನಕ ವಾಲ್ವಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಕೊನೆಯ ಹನಿ ಬಿದ್ದಾಗ ಬಿಸಿಲುಗುದುರೆ ಮೆಲ್ಲಗೆ ನೆಲಕ್ಕಿಳಿಯಿತು. ಕ್ಲಬ್ಬಿನ ತಗಡು ಮಾಡು ಕಣ್ಣಳತೆಯಲ್ಲೇ ಮಿನುಗುತ್ತಿತ್ತು.

ನೆವಿಲ್ಲನನ್ನು ಎತ್ತಿ ಬಂಡಿಗೆ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದಳು. ಬಿಸಿಲು ಬಡಿದಿದೆ ಎಂದರು ಡಾಕ್ಟರು. ಟ್ಯಾಂಕರಿನ ನೀರು ಎಲ್ಲಿ ಹೋಯಿತು ಎಂದು ಅಗ್ನಿಶಾಮಕದ ಕ್ಯಾಪ್ಟನ್ನು ಕೇಳಿದಾಗ, ಅವನ ಮೈ ತಣ್ಣಗಾಗಿಸಲು ಸುರಿದೆ ಎಂದಳು. ಅಷ್ಟೂ ನೀರೇ ಎಂದ. ಅಷ್ಟೂ ಎಂದಳು. ಆ ಸಂಜೆಯೇ ಸ್ಪಡ್ ಸಲಿಕೆ ಹಿಡಿದು ಬಂದ. ಕರೆಯದೆಯೇ ಮಿಕ್ಕವರೂ ಬಂದರು. ತೊಟ್ಟಿಯ ಮಣ್ಣು ತೆಗೆದು, ತಿಕ್ಕಿ ತೊಳೆದು, ತುಂಬಿಸಿದರು. ಯಾರೂ ತಮಾಷೆ ಮಾಡಲಿಲ್ಲ.

ನೆವಿಲ್ ಅಧ್ಯಕ್ಷಗಿರಿ ಬಿಟ್ಟ. ತಂಗಿಯ ಊರಿಗೆ, ಸಮುದ್ರದ ಕಡೆಗೆ ಹೊರಟುಹೋಗುವ ಮುನ್ನ ಒಂದು ಮಧ್ಯಾಹ್ನ ಕ್ಲಬ್ಬಿಗೆ ಬಂದು, ಕಾರಿನ ಎಂಜಿನ್ನು ಆರಿಸದೆ, ಜಗುಲಿಯ ಮೆಟ್ಟಿಲಲ್ಲಿ ನಿಂತ. ನೀನು ನೋಡಿದೆಯಾ ಎಂದು ಕೇಳಿದ. ಇಲ್ಲ, ತಾಗಿದವು, ಕಾಣಲಿಲ್ಲ ಎಂದಳು.

"ನಾ ನೋಡ್ದೆ" ಎಂದ. "ನಾನು ಬಕೆಟ್ ಹಿಡಿದಿದ್ದೆನಲ್ಲ, ಅವು ನನ್ ಕಡೆ ನೋಡ್ಲೇ ಇಲ್ಲ ಐಲ್ಸಾ. ಮೂತಿ ನೀರಲ್ಲಿ, ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ. ನನ್ನ ಹಿಂದೆ ಯಾರೋ ಬರ್ತಾರೆ ಅಂತ ನೋಡ್ತಿದ್ವು. ಕುಡಿಯೋದು ನಿಲ್ಲಿಸಿ ನಿಲ್ಲಿಸಿ ನೋಡ್ತಿದ್ವು."

ಅವಳ ಕೈ ಕುಲುಕಿ ಹೊರಟುಹೋದ. ಆಮೇಲೆ ಅವನಿಂದ ಸುದ್ದಿಯಿಲ್ಲ.

ಆ ಮಾತು ಐಲ್ಸಾಳ ತಲೆಯಲ್ಲಿ ಮುಳ್ಳಾಗಿ ಕೂತಿತು. ಅವಕ್ಕೆ ನೀರಷ್ಟೇ ಬೇಕಿದ್ದುದಲ್ಲ. ಟೆಡ್ ವೆನ್ ಸತ್ತು ನಲವತ್ತು ವರ್ಷದ ಮೇಲಾಯಿತು. ಐವರಲ್ಲಿ ಕೊನೆಯವನು ಸತ್ತದ್ದೂ ಅವಳು ಈ ಊರಿಗೆ ಬರುವ ಮುಂಚೆ. ಅವರು ಇನ್ನು ಬರುವುದಿಲ್ಲ ಎಂದು ಕುದುರೆಗಳಿಗೆ ಯಾರೂ ಹೇಳಿದಂತಿಲ್ಲ. ಹೇಳಬೇಕಾದವರು ನಾಚಿಕೆಗೆ ಹೇಳಲಿಲ್ಲ, ಆಮೇಲೆ ಬಂದವರಿಗೆ ಗೊತ್ತೇ ಇರಲಿಲ್ಲ. ಕ್ಲ್ಯಾರಿಯನ್ನು ಕೇಳೋಣವೆಂದರೆ ಚಳಿಗಾಲದ ಮೊದಲ ವಾರ ಅವನೂ ನಿದ್ದೆಯಲ್ಲೇ ತೀರಿಕೊಂಡ.

ಅವನ ಮಣ್ಣು ಮುಗಿಸಿ ಬಂದ ದಿನ ಅವಳು ಗಟ್ಟಿ ಮನಸ್ಸು ಮಾಡಿದಳು. ಬಾರು ತೆರೆಯಲು ಇನ್ನೂ ಹೊತ್ತಿತ್ತು. ಸಮಾಧಿಗೆ ಹೋಗುವಾಗ ಹಾಕಿದ್ದ ಕೋಟನ್ನೂ ತೆಗೆಯದೆ ತೊಟ್ಟಿ ತುಂಬಿಸಿ, ಅಡ್ಡಮರಕ್ಕೆ ಒರಗಿ ಬಯಲಿಗೆ ಮುಖ ಮಾಡಿ ನಿಂತಳು. ಐವರ ಹೆಸರನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಹೆಸರು ಹೇಳುವುದು, ಸತ್ತರು ಎನ್ನುವುದು, ಇನ್ನು ಕಾಯಬೇಡಿ ಎನ್ನುವುದು, ಅಷ್ಟೇ. ಚಳಿಗಾಲದ ತೆಳು ಬಿಸಿಲು. ತೊಟ್ಟಿಯ ನೀರು ಅಲುಗಿತು.

"ಟೆಡ್ ವೆನ್" ಎಂದಳು.

ಕುಡಿಯುವ ಸದ್ದು ನಿಂತಿತು. ಬಯಲಿನಲ್ಲಿ ಗಾಳಿಯೂ ನಿಂತಿತು. ಅವಳ ಎಡ ಹೆಗಲ ಮೇಲೆ ಏನೋ ಬಂದು ಕೂತಿತು, ಮೆಲ್ಲಗೆ. ಗದ್ದದ ಮೂಳೆಯ ಭಾರ. ಕೆನ್ನೆಗೆ ಬಿಸಿಯುಸಿರು, ಒದ್ದೆ ಮೀಸೆ. ಹೆಸರು ಕೇಳಿ ಅವಳ ಮೈಯ ವಾಸನೆ ನೋಡುತ್ತಿತ್ತು, ಆ ಹೆಸರಿನವನು ಅವಳಲ್ಲೆಲ್ಲಾದರೂ ಸಿಕ್ಕಾನೋ ಎಂಬಂತೆ. ಬಹಳ ಹೊತ್ತು ಮೂಸಿತು. ಐಲ್ಸಾ ಅಲುಗಲಿಲ್ಲ. ಸತ್ತ ಎಂಬ ಮಾತನ್ನು ಮಾತ್ರ ಆಡಲಾಗಲಿಲ್ಲ. ಹೇಳಿಬಿಟ್ಟರೆ ಅವು ಎಲ್ಲಿಗೆ ಹೋಗಬೇಕು? ಮನೆ ಎಂದು ನಂಬಿ ನಡೆದು ಬಂದದ್ದು ಇಲ್ಲಿಗೇ.

ಅವಳು ಕೈಯೆತ್ತಿ ಹೆಗಲ ಮೇಲಿನ ಗಾಳಿಯನ್ನು ಸವರಿದಳು. ಒರಟು ಕೂದಲು, ಅದರಡಿಯಲ್ಲಿ ಮಿಡಿಯುವ ನರ, ಕಿವಿಯ ಕೆಳಗೆ ಬೆರಳು ಹೋಗುವಷ್ಟು ಒಂದು ಗುಳಿ.

"ಬರ್ತಾನೆ ಕ್ವೀನಿ" ಎಂದಳು. "ಕುಡಿ."